ಮೇಲೇರಲು ಇಪ್ಪತ್ತು ತೆತ್ರಿ

ವಾರ್ಕೇತಿಲಿಯ ಆ ಹಳೆ ಕಟ್ಟಡದಲ್ಲಿ
ಲಿಫ್ಟಿನ ಬಾಯಿಗೆ ನಾಣ್ಯ ಹಾಕಬೇಕು:
ಮೇಲೇರಲು ಇಪ್ಪತ್ತು ತೆತ್ರಿ.
ಇಳಿಯುವುದು ಪುಕ್ಕಟೆ.
ಯಾರು ಮಾಡಿದ ಲೆಕ್ಕವೋ.
ತ್ಬಿಲಿಸಿಯ ಮುದುಕರ ಮೊಣಕಾಲಿನ ಲೆಕ್ಕವೇ ಬೇರೆ;
ಹತ್ತುವಾಗ ಅದು ಉಸಿರು ಕೇಳುತ್ತದೆ,
ಇಳಿಯುವಾಗ ಜೀವವನ್ನೇ.

ಏಳನೇ ಮಹಡಿ. ಜುಜುನಾ, ಎಂಬತ್ತನಾಲ್ಕು, ಒಬ್ಬರೇ.
ನಾನು ಬಡಾವಣೆಯ ದಾದಿ. ಚೀಲದಲ್ಲಿ
ಹಿಡಿತ ಅಳೆಯುವ ಯಂತ್ರ, ಗಡಿಯಾರ, ನಾಲ್ಕು ಪುಟ ಪ್ರಶ್ನೆ.
ಗಂಟೆ ಒತ್ತಿ ಕಾದೆ.
ಒಳಗಿನಿಂದ ಚಪ್ಪಲಿ ಎಳೆದ ಸದ್ದು,
ನಿಂತ ಸದ್ದು,
ಮತ್ತೆ ಎಳೆದ ಸದ್ದು.
ಇದನ್ನು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಹಿಡಿಯಿರಿ ಎಂದೆ. ಹಿಡಿದರು.
ಮುಳ್ಳು ಹನ್ನೊಂದಕ್ಕೆ ಹೋಗಿ ನಡುಗಿ ನಿಂತಿತು.
"ಹನ್ನೊಂದು ಕಿಲೋನಾ? ಅಂದರೆ ಒಂದು ಒಳ್ಳೇ ಕಲ್ಲಂಗಡಿ.
ಒಬ್ಬಳಿಗೆ ಸಾಕಲ್ಲ."
ರೇಷ್ಮೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ
ಕುದಿನೀರಿನ ಗೂಡಿನಿಂದ ಎಳೆಯ ತುದಿ
ಹುಡುಕಿ ತೆಗೆದ ಬೆರಳು.
ಈಗ ಖಿಂಕಾಲಿ ಕಡುಬಿನ ನೆರಿಗೆ ಹಿಡಿಯಲು
ಹನ್ನೆರಡರ ಮೇಲೆ ಆಗುವುದಿಲ್ಲವಂತೆ.
ಮೊದಲು ಹತ್ತೊಂಬತ್ತು.
"ರುಚಿ ಅದೇ. ಸಾರು ಮಾತ್ರ ಸೋರುತ್ತದೆ."

ನಾಲ್ಕು ಮೀಟರ್ ನಡೆಯಿರಿ ಎಂದೆ.
ಹಜಾರ ಇರುವುದೇ ಮೂರು ಮೀಟರ್, ಆಮೇಲೆ ಬೀರು.
ಬೀರುವಿನ ಮೂಲೆ, ಕುರ್ಚಿಯ ಬೆನ್ನು, ಫ್ರಿಜ್ಜಿನ ಹಿಡಿ,
ಒಂದರ ಕೈಬಿಟ್ಟು ಇನ್ನೊಂದರ ಕೈಗೆ,
ನೆಂಟರು ತುಂಬಿದ ಮನೆಯಲ್ಲಿ
ಹೊಸದಾಗಿ ಹೆಜ್ಜೆ ಕಲಿತ ಕೂಸು ದಾಟಿದ ಹಾಗೆ ದಾಟಿದರು.
ಗಡಿಯಾರ ಒತ್ತಲು ಮರೆತೆ.

ಕಳೆದ ವರ್ಷ ಎಷ್ಟು ಸಲ ಬಿದ್ದಿರಿ?
"ಬಿದ್ದದ್ದು ಎರಡು ಸಲ. ಬೀಳದೆ ಉಳಿದದ್ದು ದಿನಾ.
ಅದನ್ನೂ ಬರೆದುಕೋ."
ಬಚ್ಚಲಲ್ಲಿ ಬಿದ್ದಾಗ ಕೂಡಲೇ ಏಳಲಾಗಲಿಲ್ಲ.
ಕೆನ್ನೆ ನೆಲಕ್ಕಿಟ್ಟು ಸ್ನಾನದ ತೊಟ್ಟಿಯ ಅಡಿ ನೋಡುತ್ತ ಮಲಗಿದ್ದರು.
ತೊಂಬತ್ತೆರಡರಲ್ಲಿ ಕಳೆದ ಕಿವಿಯೋಲೆ ಅಲ್ಲಿತ್ತು,
ಧೂಳು ಹೊದ್ದು.
ಅದರ ಜೋಡಿಯನ್ನು ಆ ಚಳಿಗಾಲವೇ ರೊಟ್ಟಿಗೆ ಮಾರಿಯಾಗಿತ್ತು.
ಆಗಲೇ ನೋಡಿದೆ: ಎಡಗಿವಿಯಲ್ಲಿ ಮಾತ್ರ ಓಲೆ,
ಕಡುನೀಲಿ ಹರಳು.

ಕೊನೇ ಪ್ರಶ್ನೆ. ಸೊನ್ನೆಯಿಂದ ನೂರರೊಳಗೆ
ನಿಮ್ಮ ಬದುಕು ಇವತ್ತು ಎಷ್ಟು?
"ಲಿಫ್ಟ್ ನಡೆಯುವ ದಿನದ್ದೋ, ಕೆಟ್ಟ ದಿನದ್ದೋ?"
ಸುಮ್ಮನೆ ಅರವತ್ತು ಎಂದು ಬರೆದೆ.
ಬಗ್ಗಿ ನೋಡಿ, ಅಳಿಸು, ಅರವತ್ತಮೂರು ಮಾಡು ಎಂದರು.
ಮೂರು ಯಾಕೆ?
"ನೀನು ಬಂದದ್ದಕ್ಕೆ ಎರಡು.
ಇನ್ನೊಂದು, ಇದು ಅಂಜೂರದ ತಿಂಗಳು."

ಪುಕ್ಕಟೆ ಇಳಿದು ಅಂಗಳಕ್ಕೆ ಬಂದೆ.
ತಲೆಯ ಮೇಲಿನಿಂದ ಕೂಗು: ಯಂತ್ರ ಬಿಟ್ಟು ಬಂದಿದ್ದೆ.
ಮತ್ತೆ ಹತ್ತಲು ಜೇಬಿನಲ್ಲಿ ಚಿಲ್ಲರೆ ಇಲ್ಲ.
ತಾಳು ಎಂದು ಕೈಮಾಡಿದರು.
ಬಾಲ್ಕನಿಯಿಂದ ಬುಟ್ಟಿ ಹೊರಟಿತು,
ದಿನಾ ಬೆಳಿಗ್ಗೆ ಬಿಸಿ ಶೋತಿ ರೊಟ್ಟಿಗೆ ಇಳಿಯುವ ಬುಟ್ಟಿ,
ಗೇಣು ಗೇಣು ಹಗ್ಗ,
ಹನ್ನೊಂದು ಕಿಲೋ ಕೈಯಿಂದ ಕೈಗೆ.

ನಾಲ್ಕನೇ ಮಹಡಿಯ ಹತ್ತಿರ ನಿಂತುಬಿಟ್ಟಿತು.
ಜೀವ ಬಾಯಿಗೆ ಬಂತು ನನಗೆ.
"ಯಾವಾಗಲೂ ಅಲ್ಲೇ ನಿಲ್ಲುವುದು," ಎಂದ
ಬೆಂಚಿನ ಮೇಲೆ ಬೀಜ ಬಿಡಿಸುತ್ತಿದ್ದ ಹುಡುಗ,
"ಅಜ್ಜಿಯ ತೋಳು ಸುಧಾರಿಸಿಕೊಳ್ಳುತ್ತೆ."
ಕಿಟಕಿ ತೆರೆಯಿತು. ಬನಿಯನ್ ತೊಟ್ಟ ಅವ್ತಾಂದಿಲ್
ಬುಟ್ಟಿಯೊಳಗೆ ಇಣುಕಿ, ಯಂತ್ರ ಎತ್ತಿ,
ತಾನೂ ಒಂದು ಸಲ ಹಿಡಿದು ಹಿಂಡಿ,
ಮುಳ್ಳು ನೋಡಿ ಮುಖ ಕಿವುಚಿ,
ವಾಪಸ್ ಇಟ್ಟ.
ಅದರ ಪಕ್ಕ ಕಾಗದದಲ್ಲಿ ಸುತ್ತಿದ್ದೇನನ್ನೋ ಇಟ್ಟ.
ಹಗ್ಗವನ್ನು ಎರಡು ಸಲ ಜಗ್ಗಿದ.

ಮೇಲೆ, ಆಕಾಶಕ್ಕೆ ಅಂಟಿಕೊಂಡ ಹಾಗೆ, ಎರಡು ಕೈ.
ಕೆಳಗೆ ನಾನು ಕತ್ತು ಎತ್ತಿ, ಸೆರಗಿಲ್ಲದ ಕೋಟನ್ನೇ
ಸೆರಗಿನ ಹಾಗೆ ಒಡ್ಡಿ ನಿಂತಿದ್ದೆ.
ಬುಟ್ಟಿ ಇನ್ನೂ ಮೂರನೇ ಮಹಡಿಯಲ್ಲಿತ್ತು.